ಮಳೆ ಪರಿಹಾರಕ್ಕೆ ಬಂದ ದುಡ್ಡಲ್ಲಿ ಆಂಬುಲೆನ್ಸ್ ಕೊಳ್ಳಬಹುದಾ?

ಪ್ರಶ್ನೆ: ಸರ್, ನಮ್ಮದು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಸೇವಾ ಟ್ರಸ್ಟ್. ಏಳು ಜನ ಟ್ರಸ್ಟಿಗಳಿದ್ದೇವೆ. ಬಡ ರೋಗಿಗಳಿಗಾಗಿ ಒಂದು ಆಂಬುಲೆನ್ಸ್ ಇಟ್ಟಿದ್ದೇವೆ. ಗಾಡಿ ಹಳೆಯದಾಗಿ ಘಾಟಿ ಹತ್ತಲು ಒದ್ದಾಡುತ್ತಿದೆ, ಹೊಸದು ಬೇಕು. 2019ರ ಮಳೆಯಲ್ಲಿ ಸಂತ್ರಸ್ತರಿಗೆಂದು ಎತ್ತಿದ ಹಣದಲ್ಲಿ 1,40,000 ರೂಪಾಯಿ ಖರ್ಚಾಗದೆ ಬ್ಯಾಂಕಲ್ಲಿ ಉಳಿದಿದೆ. ಅದನ್ನು ಗಾಡಿಗೆ ಹಾಕೋಣ ಎಂದು ಕೆಲವರು ಹೇಳುತ್ತಾರೆ. ಕಲ್ಲು ಕ್ವಾರಿ ನಡೆಸುವ ಒಬ್ಬರು 5 ಲಕ್ಷ ಕೊಡಲು ಮುಂದೆ ಬಂದಿದ್ದಾರೆ. 2 ಲಕ್ಷಕ್ಕೆ ಚೆಕ್, 3 ಲಕ್ಷ ನಗದು. ಗಾಡಿ ಮೇಲೆ ಅವರ ತಂದೆಯ ಹೆಸರು ಬರೆಸಬೇಕಂತೆ. ಅವರ ಕ್ವಾರಿಯಿಂದ ಮನೆ ಗೋಡೆ ಬಿರುಕು ಬಿಡುತ್ತಿದೆ ಎಂದು ಪಕ್ಕದ ಊರಿನವರು ತಹಶೀಲ್ದಾರರಿಗೆ ಅರ್ಜಿ ಕೊಟ್ಟಿದ್ದಾರೆ. ಇನ್ನು ನಮ್ಮ ಡ್ರೈವರ್ ಅಧ್ಯಕ್ಷರ ಅಣ್ಣನ ಮಗ, ಅದಕ್ಕೂ ಊರಲ್ಲಿ ಮಾತು. ಅಮೆರಿಕದಲ್ಲಿರುವ ನಮ್ಮೂರ ಹುಡುಗರು ಒಂದು ಲಕ್ಷ ಕಳಿಸುತ್ತೇವೆ ಅಂದಿದ್ದಾರೆ, ತಗೊಳ್ಳಬಹುದಾ? ನಾವು ಯಾರೂ ಒಂದು ರೂಪಾಯಿ ತಿಂದವರಲ್ಲ. ಆದರೂ ಪ್ರತಿ ಸಭೆಯಲ್ಲೂ ಜಗಳ. ದಾರಿ ತೋರಿಸಿ.

ಉತ್ತರ: ಒಂದು ರೂಪಾಯಿ ತಿಂದಿಲ್ಲ ಅಂದಿದ್ದೀರಿ. ನಂಬುತ್ತೇನೆ. ಶಿವಮೊಗ್ಗದಲ್ಲಿ ಕೂತು ಈ ಕಡೆಯ ಸಣ್ಣ ಟ್ರಸ್ಟು, ಸಂಘಗಳ ಲೆಕ್ಕ ನೋಡುವುದು ನನ್ನ ಕೆಲಸ. ಕದ್ದು ಹಾಳಾದ ಸಂಸ್ಥೆ ನಾನು ಕಂಡಿದ್ದು ಕಡಿಮೆ. ಮುಲಾಜಿಗೆ ಸಿಕ್ಕಿ ಹಾಳಾದದ್ದೇ ಜಾಸ್ತಿ. ದಾನಿ ಮನೆಗೇ ಬಂದು ಕೂತರು, ಬೇಡ ಅನ್ನಲು ಬಾಯಿ ಬರಲಿಲ್ಲ. ಅಧ್ಯಕ್ಷರ ಕಡೆಯ ಹುಡುಗ, ಸಂಬಳ ಎಷ್ಟು ಅಂತ ಕೇಳಲು ಸಂಕೋಚ. ಹೀಗೇ ಒಂದೊಂದು ನಿರ್ಧಾರ ಆಗಿಹೋಗುತ್ತದೆ, ನಡಾವಳಿ ಪುಸ್ತಕದಲ್ಲಿ ಏನೂ ಇರುವುದಿಲ್ಲ. ನಾಲ್ಕು ವರ್ಷ ಕಳೆದ ಮೇಲೆ ಯಾರಾದರೂ ಕೇಳಿದರೆ ಉತ್ತರ ಕೊಡಲು ಒದ್ದಾಡುತ್ತೀರಿ.

ನಮ್ಮ ಕಡೆ ಹೀಗೆ ಕೇಳುವವರೂ ಕಡಿಮೆ. ಮಹಾರಾಷ್ಟ್ರದಲ್ಲಿ 1950ರ ಕಾಯ್ದೆಯ ಕೆಳಗೆ ಚಾರಿಟಿ ಕಮಿಷನರ್ ಅಂತ ಒಬ್ಬರು ಅಧಿಕಾರಿ ಇದ್ದಾರೆ, ಟ್ರಸ್ಟ್‌ಗಳು ಅವರಿಗೆ ಲೆಕ್ಕ ಒಪ್ಪಿಸಬೇಕು. ಇಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಡೀಡ್ ನೋಂದಣಿ ಮಾಡಿಸಿ ಬಂದರೆ ಆಯಿತು. 1960ರ ಕಾಯ್ದೆಯಡಿ ನೋಂದಣಿಯಾದ ಸಂಘಗಳಾದರೆ ವರ್ಷ ವರ್ಷ ರಿಜಿಸ್ಟ್ರಾರ್‌ಗೆ ಲೆಕ್ಕ, ಪದಾಧಿಕಾರಿಗಳ ಪಟ್ಟಿ ಕೊಡಬೇಕು. ಟ್ರಸ್ಟ್‌ಗೆ ಅದೂ ಇಲ್ಲ. ಆದಾಯ ತೆರಿಗೆಯವರು ಬಿಟ್ಟರೆ ನಿಮ್ಮನ್ನು ಕೇಳಬೇಕಾದವರು ನೀವೇ. ಹಾಗಾಗಿ ನಿಮ್ಮ ಸಭೆಯಲ್ಲಿ ಜಗಳ ಆಗುತ್ತಿರುವುದು ನನಗೆ ಒಳ್ಳೆಯ ಲಕ್ಷಣವಾಗಿಯೇ ಕಾಣುತ್ತದೆ.

ಮೊದಲು ಮಳೆ ದುಡ್ಡಿನ ವಿಷಯ. ಅದನ್ನು ಗಾಡಿಗೆ ಮುಟ್ಟಬೇಡಿ.

‘ಅದೂ ಸೇವೆ, ಇದೂ ಸೇವೆ’ ಅನ್ನುವ ಮಾತು ಸಭೆಯಲ್ಲಿ ಬಂದೇ ಇರುತ್ತದೆ. ಆದರೆ 2019ರ ಆಗಸ್ಟ್ ನೆನಪಿದೆಯಲ್ಲ? ತುಂಗೆ ಶಿವಮೊಗ್ಗ ಪೇಟೆಯ ಒಳಗೇ ನುಗ್ಗಿದ್ದಳು. ತೀರ್ಥಹಳ್ಳಿ ಕಡೆ ಗುಡ್ಡ ಜರಿದು ತೋಟ, ಗದ್ದೆ ಮಣ್ಣಡಿ ಹೋಗಿದ್ದವು. ಜನ ಅದನ್ನು ನೋಡಿ ಕರಗಿ ಕೊಟ್ಟ ದುಡ್ಡು ಇದು. ಆ ವರ್ಷದ ರಸೀದಿ ಪುಸ್ತಕ ಹೊರಗೆ ತೆಗೆಯಿರಿ. ಮೇಲೆ ಏನಂತ ಬರೆದಿದೆ ನೋಡಿ. ‘ಮಳೆ ಸಂತ್ರಸ್ತರ ನೆರವಿಗೆ’ ಅಂತ ರಬ್ಬರ್ ಸ್ಟ್ಯಾಂಪ್ ಇದ್ದರೆ ವಾದ ಅಲ್ಲಿಗೇ ಮುಗಿಯಿತು. ಕಾರ್ಬನ್ ಪ್ರತಿಯಲ್ಲಿ 50 ರೂಪಾಯಿ, 101 ರೂಪಾಯಿ ಕೊಟ್ಟವರ ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಿ. ಸಭೆಯಲ್ಲೇ ಓದಿ. ಕೂಲಿ ಮಾಡುವವರು, ಅಂಗನವಾಡಿ ಟೀಚರ್, ಹೋಟೆಲ್ ಸಪ್ಲೈಯರ್ ಇಂಥವರೇ ಜಾಸ್ತಿ ಇರುತ್ತಾರೆ. ಆ ಹೆಸರುಗಳು ಕಿವಿಗೆ ಬಿದ್ದ ಮೇಲೆ ‘ಗಾಡಿಗೆ ಹಾಕೋಣ’ ಅನ್ನುವವರ ದನಿ ಸ್ವಲ್ಪ ತಗ್ಗುತ್ತದೆ.

ಕಾನೂನೂ ಇದನ್ನೇ ಹೇಳುತ್ತದೆ. ಒಂದು ಗೊತ್ತಾದ ಕೆಲಸಕ್ಕೆ ಅಂತ ಸಾರ್ವಜನಿಕರಿಂದ ಎತ್ತಿದ ಹಣ ಆ ಕೆಲಸಕ್ಕೇ ಹೋಗಬೇಕು. ಆ ಕೆಲಸ ಇನ್ನು ಮಾಡಲು ಸಾಧ್ಯವೇ ಇಲ್ಲ ಅಂತಾದಾಗ, ಅದಕ್ಕೆ ಹತ್ತಿರದ ಇನ್ನೊಂದು ಕೆಲಸಕ್ಕೆ ತಿರುಗಿಸಲು ಕೋರ್ಟ್ ಒಪ್ಪಬಹುದು. ಟ್ರಸ್ಟಿಗಳು ಕೈ ಎತ್ತಿ ಬದಲಾಯಿಸುವ ವಿಷಯ ಇದಲ್ಲ. ಟ್ರಸ್ಟ್‌ನಲ್ಲಿ ಹಿತಾಸಕ್ತಿ ಇರುವ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು, ನಿಮ್ಮ ಮೇಲೆ ದಾವೆ ಹಾಕಬಹುದು. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಂ ಇರುವುದೇ ಅದಕ್ಕೆ.

ಆ ಕೆಲಸ ಅಸಾಧ್ಯವಾಗಿದೆಯಾ? ಮಲೆನಾಡಿನಲ್ಲಿ ಗೋಡೆ ಬೀಳದ ಮಳೆಗಾಲ ಯಾವುದಿದೆ ಹೇಳಿ. ಆ ವರ್ಷ ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ಘೋಷಿಸಿತ್ತು. ಆದರೆ ಮನೆಯ ದಾಖಲೆ ಸರಿಯಿಲ್ಲದವರಿಗೆ ಇಂಥ ಪರಿಹಾರ ಕೈಗೆ ಸಿಗುವುದು ಯಾವಾಗಲೂ ಕಷ್ಟ. ನಿಮ್ಮ ತಾಲ್ಲೂಕಿನಲ್ಲಿ ಅಂಥವರಿಗೆ ಬರವಿಲ್ಲ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ನೀರಿಗೆ ಮನೆಮಠ ಬಿಟ್ಟು ಬಂದ ಕುಟುಂಬಗಳಲ್ಲಿ ಹಕ್ಕುಪತ್ರಕ್ಕಾಗಿ ಇವತ್ತಿಗೂ ಅಲೆಯುವವರಿದ್ದಾರೆ. ಪಿಡಿಒ ಮತ್ತು ಗ್ರಾಮ ಆಡಳಿತಾಧಿಕಾರಿ ಹತ್ತಿರ ಕೇಳಿ. ಮಳೆಗೆ ಮನೆ ಹಾನಿಯಾಗಿ, ಅರ್ಜಿ ತಿರಸ್ಕಾರವಾದವರ ಪಟ್ಟಿ ಮಾಡಿ. 1,40,000ಕ್ಕೆ ಹತ್ತು ಮನೆಗೆ ಶೀಟು, ಮರ, ಮೇಸ್ತ್ರಿ ಕೂಲಿ ಆದೀತು. ಇಷ್ಟು ವರ್ಷ ಅದರ ಮೇಲೆ ಬಂದ ಬಡ್ಡಿಯನ್ನೂ ಸೇರಿಸಿ. ಬಡ್ಡಿಯೂ ಅವರದ್ದೇ.

ಇನ್ನೊಂದು ವಿಷಯ ನಿಮ್ಮ ಆಡಿಟರ್ ಹತ್ತಿರ ಕೇಳಿ. ತೆರಿಗೆ ವಿನಾಯಿತಿ ಪಡೆದ ಟ್ರಸ್ಟ್ ಆ ವರ್ಷದ ಆದಾಯದಲ್ಲಿ 85% ಖರ್ಚು ಮಾಡಬೇಕು. ಆಗದಿದ್ದರೆ ಇಂಥ ಕೆಲಸಕ್ಕೆ ಕೂಡಿಡುತ್ತೇವೆ ಅಂತ ಅರ್ಜಿ ಕೊಟ್ಟು, 5 ವರ್ಷದೊಳಗೆ ಬಳಸಬೇಕು. ನಿಮ್ಮ ಹಣವನ್ನು ಲೆಕ್ಕದಲ್ಲಿ ಹೇಗೆ ತೋರಿಸಿದ್ದಾರೆ ನೋಡಿಸಿ. ಸೆಕ್ಷನ್ ನಂಬರ್ ನಾನು ಬರೆಯುತ್ತಿಲ್ಲ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿ, ನಂಬರ್‌ಗಳೆಲ್ಲ ಬೇರೆ. ಹಳೆಯದನ್ನು ಬಾಯಿಪಾಠ ಮಾಡಿಕೊಂಡ ನಮ್ಮಂಥವರಿಗೇ ಈಗ ತಡಕಾಡುವ ಕೆಲಸ.

ಮುಂದಿನ ಸಲ ಹಣ ಎತ್ತುವಾಗ ರಸೀದಿಯ ಕೆಳಗೆ ಒಂದು ಸಾಲು ಅಚ್ಚು ಹಾಕಿಸಿ: ‘ಈ ಕೆಲಸ ಮುಗಿದು ಹಣ ಉಳಿದರೆ ಟ್ರಸ್ಟ್‌ನ ಆರೋಗ್ಯ ಸೇವೆಗೆ ಬಳಸಲಾಗುವುದು.’ ಡಬ್ಬಿ ಹಿಡಿದು ಎತ್ತಿದರೆ ಡಬ್ಬಿ ಮೇಲೂ ಅದೇ ಸಾಲು ಅಂಟಿಸಿ. ಒಪ್ಪಿದವರು ಹಾಕುತ್ತಾರೆ. ಆಗ ಈ ಚರ್ಚೆಯೇ ಬರುವುದಿಲ್ಲ.

ಇನ್ನು ಕ್ವಾರಿಯವರ 5 ಲಕ್ಷ. ನಗದಿನ ಮಾತು ಬೇಗ ಮುಗಿಸುತ್ತೇನೆ. ಒಬ್ಬರಿಂದ ಒಂದೇ ದಿನ, ಅಥವಾ ಒಂದೇ ವ್ಯವಹಾರಕ್ಕೆ, 2 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ ಬೀಳುವುದು ತಗೊಂಡವರಿಗೆ, ಅಂದರೆ ನಿಮಗೆ. ‘ಮೂರು ದಿನ ಒಂದೊಂದು ಲಕ್ಷ ಕೊಡುತ್ತೇನೆ’ ಅಂದರೂ ಒಂದೇ ಗಾಡಿಗೆ ಕೊಟ್ಟದ್ದು ಒಂದೇ ವ್ಯವಹಾರವೇ. ‘ಕ್ವಾರಿಯ ಹುಡುಗರ ಹೆಸರಲ್ಲಿ ಹರಿದು ಹರಿದು ರಸೀದಿ ಹಾಕಿ’ ಅಂದರೆ ಅದು ಸುಳ್ಳು ದಾಖಲೆ, ಅದಕ್ಕೆ ಕೈ ಹಾಕಲೇಬೇಡಿ. ‘ಗುಪ್ತ ದಾನ ಅಂತ ಬರೆದುಕೊಳ್ಳಿ’ ಅನ್ನುವವರೂ ಇದ್ದಾರೆ. ಹೆಸರಿಲ್ಲದ ದಾನ 1 ಲಕ್ಷ ಅಥವಾ ಒಟ್ಟು ದೇಣಿಗೆಯ 5%, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ದಾಟಿದರೆ ದಾಟಿದ್ದಕ್ಕೆ 30% ತೆರಿಗೆ. ಪೂರ್ತಿ ಧಾರ್ಮಿಕ ಸಂಸ್ಥೆಗೆ, ಅಂದರೆ ದೇವಸ್ಥಾನದ ಹುಂಡಿಯಂಥದ್ದಕ್ಕೆ, ಇರುವ ರಿಯಾಯಿತಿ ಸೇವಾ ಟ್ರಸ್ಟ್‌ಗೆ ಇಲ್ಲ. ದಾನಿಗೂ ಲಾಭವಿಲ್ಲ, 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದೇಣಿಗೆಗೆ ಇರುವ ತೆರಿಗೆ ರಿಯಾಯಿತಿ ಸಿಗುವುದಿಲ್ಲ.

ಇಷ್ಟನ್ನು ಯಾವ ಆಡಿಟರ್ ಆದರೂ ಹೇಳುತ್ತಾರೆ. ಅವರು 5 ಲಕ್ಷವನ್ನೂ ಚೆಕ್‌ನಲ್ಲೇ ಕೊಟ್ಟರೆ ಏನು ಮಾಡುವುದು? ನೀವು ಕೇಳಬೇಕಾದದ್ದು ಇದನ್ನು.

ಕ್ವಾರಿ ದುಡ್ಡು ಅಂದ ಮಾತ್ರಕ್ಕೆ ಮುಟ್ಟಬಾರದು ಅಂತ ನಾನು ಹೇಳುವವನಲ್ಲ. ಹಾಗೆ ಹೊರಟರೆ ಬಾರ್‌ನವರ ದುಡ್ಡು ಬೇಡ, ಮರಳಿನವರದ್ದು ಬೇಡ, ಬಡ್ಡಿಗೆ ಕೊಡುವವರದ್ದು ಬೇಡ ಅಂತ ಪಟ್ಟಿ ಬೆಳೆಯುತ್ತದೆ. ನಿಮ್ಮ ಮನೆ ಕಟ್ಟಿದ ಜಲ್ಲಿಯೂ ಯಾವುದೋ ಕ್ವಾರಿಯದ್ದೇ. ಲೈಸೆನ್ಸ್ ಇದೆ, ಊರವರಿಗೆ ತಕರಾರಿಲ್ಲ ಅಂದರೆ ಚೆಕ್ ತಗೊಳ್ಳಿ, ಹೆಸರನ್ನೂ ಬರೆಸಿ, ನನಗೇನೂ ಅಡ್ಡಿ ಕಾಣುವುದಿಲ್ಲ.

ನಿಮ್ಮ ವಿಷಯ ಬೇರೆ. ಅರ್ಜಿ ತಹಶೀಲ್ದಾರರ ಮೇಜಿನ ಮೇಲಿದೆ. ಅರ್ಜಿ ಕೊಟ್ಟವರು ನಿಮ್ಮ ಆಂಬುಲೆನ್ಸ್ ಕರೆಯುವ ಊರಿನವರು. 2021ರ ಜನವರಿ 21ರ ರಾತ್ರಿ ಶಿವಮೊಗ್ಗದ ಪಕ್ಕದ ಹುಣಸೋಡಿನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿದು ಜನ ಸತ್ತರು. ಅಕ್ಕಪಕ್ಕದ ಜಿಲ್ಲೆಗಳಲ್ಲೂ ನೆಲ ನಡುಗಿದ ಅನುಭವವಾಯಿತು. ನಿಮ್ಮ ದಾನಿಗೂ ಅದಕ್ಕೂ ಸಂಬಂಧವಿಲ್ಲ, ನಿಜ. ಆದರೆ ಅವತ್ತಿನಿಂದ ಈ ಜಿಲ್ಲೆಯಲ್ಲಿ ಕ್ವಾರಿ ಪಕ್ಕ ಇರುವವರು ಪ್ರತಿ ಬ್ಲಾಸ್ಟಿಗೂ ಬೆಚ್ಚಿಬೀಳುತ್ತಾರೆ. ಗೋಡೆ ಬಿರುಕು ಬಿಟ್ಟ ಮನೆಯ ಅಜ್ಜಿಗೆ ಎದೆನೋವು ಬಂದು ಫೋನ್ ಮಾಡಿದಾಗ, ಅಂಗಳಕ್ಕೆ ಬರುವ ಗಾಡಿಯ ಮೇಲೆ ಆ ಕ್ವಾರಿ ಮನೆತನದ ಹೆಸರಿರುತ್ತದೆ. ಆ ಮನೆಯವರು ಮರುದಿನ ಅರ್ಜಿ ವಾಪಸ್ ತಗೊಳ್ಳಬೇಕೋ ಬೇಡವೋ ಅಂತ ಯೋಚನೆಗೆ ಬೀಳುತ್ತಾರೆ. ಯಾರೂ ಒತ್ತಾಯ ಮಾಡಿರುವುದಿಲ್ಲ. ಗಾಡಿಯೇ ಆ ಕೆಲಸ ಮಾಡಿರುತ್ತದೆ.

ದಾನಿಯ ಮನಸ್ಸಲ್ಲಿ ಅಂಥ ಲೆಕ್ಕ ಇಲ್ಲದಿರಬಹುದು. ಅಪ್ಪನ ಹೆಸರು ಉಳಿಯಲಿ ಅನ್ನುವ ಆಸೆ ತಪ್ಪಲ್ಲ. ಆದರೂ ಅರ್ಜಿ ಇತ್ಯರ್ಥ ಆಗುವವರೆಗೆ ಈ ದುಡ್ಡು ಬೇಡ ಅನ್ನುವುದೇ ನನ್ನ ಸಲಹೆ. ಹೆಸರಿಲ್ಲದೆ ಕೊಡುತ್ತೇನೆ ಅಂದರೂ ಬೇಡ. ನಮ್ಮ ಊರುಗಳಲ್ಲಿ ಯಾರು ಕೊಟ್ಟರು ಅಂತ ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ.

ಬೇಡ ಅಂತ ಹೇಗೆ ಹೇಳುವುದು? ಇದೇ ಕಷ್ಟ, ಅಲ್ವಾ. ನಾಳೆ ಮದುವೆ ಮನೆಯಲ್ಲಿ ಅವರ ಪಕ್ಕದಲ್ಲೇ ಊಟಕ್ಕೆ ಕೂರಬೇಕು. ಅದಕ್ಕೆ ಒಬ್ಬರೇ ಹೋಗಿ ಹೇಳಬೇಡಿ. ಮೊದಲು ಸಭೆಯಲ್ಲಿ ಒಂದು ನಿಯಮ ಮಾಡಿ: ‘ಟ್ರಸ್ಟ್ ಸೇವೆ ಕೊಡುವ ಊರುಗಳಲ್ಲಿ ಯಾರ ಉದ್ದಿಮೆಯ ಮೇಲೆ ಸಾರ್ವಜನಿಕರ ಲಿಖಿತ ದೂರು ವಿಚಾರಣೆಯಲ್ಲಿ ಇದೆಯೋ, ದೂರು ಮುಗಿಯುವವರೆಗೆ ಅವರಿಂದ ದೇಣಿಗೆ ಸ್ವೀಕರಿಸುವುದಿಲ್ಲ.’ ಏಳೂ ಜನ ಸಹಿ ಹಾಕಿ. ಆಮೇಲೆ ಇಬ್ಬರು ಅವರ ಮನೆಗೆ ಹೋಗಿ. ‘ಟ್ರಸ್ಟ್ ನಿಯಮ ಹಾಗಿದೆ ಮಾರಾಯ್ರೆ, ನಮ್ಮ ಕೈಲಿಲ್ಲ, ಅರ್ಜಿ ಮುಗಿದ ಮೇಲೆ ನಾವೇ ಬಂದು ಕೇಳುತ್ತೇವೆ’ ಅನ್ನಿ. ಬರೆದಿಟ್ಟ ನಿಯಮ ಇದ್ದರೆ ಬಾಯಿ ತಾನಾಗಿ ಬರುತ್ತದೆ. ನಿಯಮ ಮಾಡಿದ್ದು ಅವರಿಗಾಗಿಯೇ ಅಂತ ಅವರಿಗೂ ಗೊತ್ತಾಗುತ್ತದೆ, ಆಗಲಿ ಬಿಡಿ. ಒಂದು ತಿಂಗಳು ಮುಖ ಊದಿಸಿಕೊಂಡಾರು. ನಿಯಮ ಎಲ್ಲರಿಗೂ ಒಂದೇ ಅಂತ ಕಂಡರೆ ಸಿಟ್ಟು ಬಹಳ ದಿನ ನಿಲ್ಲುವುದಿಲ್ಲ. ನಾಳೆ ಟ್ರಸ್ಟಿಯೊಬ್ಬರ ಭಾವನ ಮೇಲೇ ದೂರು ಬಂದಾಗಲೂ ಇದೇ ನಿಯಮ ನಡೆಯಬೇಕು, ಅಷ್ಟೇ.

ಡ್ರೈವರ್ ವಿಷಯಕ್ಕೆ ಬರೋಣ. ಅಧ್ಯಕ್ಷರ ಅಣ್ಣನ ಮಗ ಕೆಲಸಕ್ಕಿರುವುದು ತಪ್ಪಲ್ಲ. ನಲವತ್ತು ಮನೆಯ ಊರಲ್ಲಿ ಸಂಬಂಧಿಯಲ್ಲದವರನ್ನು ಎಲ್ಲಿಂದ ತರುತ್ತೀರಿ? ರಾತ್ರಿ ಎರಡು ಗಂಟೆಗೆ, ಮಳೆಯಲ್ಲಿ, ಹುಲಿಕಲ್ ಘಾಟಿ ಇಳಿಸಿ ಮಣಿಪಾಲ ಮುಟ್ಟಿಸುವ ಹುಡುಗ ಸಿಕ್ಕಿದ್ದರೆ ಅದೇ ಪುಣ್ಯ. ತೆರಿಗೆ ಕಾನೂನು ಕೂಡ ಟ್ರಸ್ಟಿಯ ಸಂಬಂಧಿಗೆ ಸಂಬಳ ಕೊಡಬೇಡಿ ಅನ್ನುವುದಿಲ್ಲ. ಮಾಡಿದ ಕೆಲಸಕ್ಕೆ ನ್ಯಾಯವಾದ ಸಂಬಳಕ್ಕಿಂತ ಜಾಸ್ತಿ ಕೊಡಬೇಡಿ ಅನ್ನುತ್ತದೆ. ಜಾಸ್ತಿ ಕೊಟ್ಟರೆ ಟ್ರಸ್ಟ್‌ನ ವಿನಾಯಿತಿಗೇ ಕುತ್ತು. ಅಣ್ಣನ ಮಗನೂ ಆ ಸಂಬಂಧಿಕರ ಪಟ್ಟಿಯಲ್ಲಿ ಬರುತ್ತಾನೆ, ‘ದೂರದವನು’ ಅಂತ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಊರಿನ ಬಾಯಿ ಮುಚ್ಚಿಸಲು ಒಂದೇ ದಾರಿ, ನಡಾವಳಿ. ಹೊಸನಗರ, ಸಾಗರದಲ್ಲಿ ಇನ್ನೆರಡು ಕಡೆ ಆಂಬುಲೆನ್ಸ್ ಡ್ರೈವರ್‌ಗೆ ಎಷ್ಟು ಕೊಡುತ್ತಾರೆ ಕೇಳಿ ಬರೆದುಕೊಳ್ಳಿ. ಸಭೆಯಲ್ಲಿ ಈ ವಿಷಯ ಬಂದಾಗ ಅಧ್ಯಕ್ಷರು ಎದ್ದು ಹೊರಗೆ ಹೋಗಲಿ. ಸುಮ್ನೆ ಕೂತಿರುತ್ತೇನೆ, ಮಾತಾಡುವುದಿಲ್ಲ ಅನ್ನುವುದು ಸಾಲದು. ಅವರು ಎದುರಿಗೆ ಕೂತಿದ್ದರೆ ಉಳಿದವರ ಬಾಯಿ ಕಟ್ಟಿದ ಹಾಗೆಯೇ. ಹೀಗೆ ಬರೆಯಿರಿ: ‘ಡ್ರೈವರ್ ಸಂಬಳದ ವಿಷಯ. ಡ್ರೈವರ್ ತಮ್ಮ ಅಣ್ಣನ ಮಗ ಎಂದು ಅಧ್ಯಕ್ಷರು ತಿಳಿಸಿ, ಸಭೆಯಿಂದ ಹೊರಗೆ ಹೋದರು. ಉಪಾಧ್ಯಕ್ಷರು ಸಭೆ ನಡೆಸಿದರು. ಬೇರೆ ಎರಡು ಕಡೆಯ ಸಂಬಳ ನೋಡಿ, ತಿಂಗಳಿಗೆ ಇಷ್ಟು ಎಂದು ತೀರ್ಮಾನಿಸಲಾಯಿತು. ಅಧ್ಯಕ್ಷರು ಮರಳಿ ಬಂದರು.’ ಐದು ಸಾಲು. ಯಾರಾದರೂ ಕೇಳಿದರೆ ಪುಸ್ತಕ ತೆರೆದು ತೋರಿಸಿ.

ನೀವು ಕೇಳಿಲ್ಲ, ಆದರೆ ಡ್ರೈವರ್ ಮಾತು ಬಂದಿದ್ದರಿಂದ ಹೇಳುತ್ತೇನೆ. ಸಂಬಳಕ್ಕಿಂತ ದೊಡ್ಡ ಅಪಾಯ ಕಮಿಷನ್. ರೋಗಿಯನ್ನು ಕರೆದುಕೊಂಡು ಬಂದ ಆಂಬುಲೆನ್ಸ್ ಡ್ರೈವರ್ ಕೈಗೆ ಕವರ್ ಇಡುವ ಖಾಸಗಿ ಆಸ್ಪತ್ರೆಗಳಿವೆ. ಇದು ಗುಟ್ಟೇನಲ್ಲ. ಗಾಬರಿಯಲ್ಲಿರುವ ಮನೆಯವರು ‘ಎಲ್ಲಿಗೆ ಹೋಗೋಣ?’ ಅಂತ ಕೇಳುವುದು ಡ್ರೈವರನ್ನೇ. ಶಿವಮೊಗ್ಗದ ಸರ್ಕಾರಿ ಮೆಗ್ಗಾನ್ ಆಸ್ಪತ್ರೆಯಲ್ಲಿ ಆಗುವ ಚಿಕಿತ್ಸೆಗೆ ಬೇರೆ ಬಾಗಿಲಿಗೆ ತಿರುಗಿಸಿದರೆ ಆ ಮನೆ ಅಡಿಕೆ ಫಸಲನ್ನು ಮೊದಲೇ ಮಾರಿ ಸಾಲ ತೀರಿಸಬೇಕಾಗುತ್ತದೆ. ನಿಮ್ಮದು ಉಚಿತ ಗಾಡಿ ಅಂತ ನಂಬಿ ಹತ್ತಿದವರು ಅವರು. ಹಾಗಾಗಿ ಗಾಡಿಯ ಲಾಗ್ ಪುಸ್ತಕದಲ್ಲಿ ಎರಡು ಕಾಲಂ ಜಾಸ್ತಿ ಹಾಕಿ. ಯಾವ ಆಸ್ಪತ್ರೆ ಅಂತ ಹೇಳಿದ್ದು ಯಾರು, ವೈದ್ಯರಾ, ಮನೆಯವರಾ, ಡ್ರೈವರಾ? ಮನೆಯವರಿಂದ ಡೀಸೆಲ್‌ಗೆ, ಊಟಕ್ಕೆ ಅಂತ ಏನಾದರೂ ತಗೊಂಡದ್ದು ಇದೆಯಾ? ಮೂರು ತಿಂಗಳಿಗೊಮ್ಮೆ ಟ್ರಸ್ಟಿಯೊಬ್ಬರು ನಾಲ್ಕೈದು ಮನೆಗೆ ಫೋನ್ ಮಾಡಿ ವಿಚಾರಿಸಲಿ, ಅಧ್ಯಕ್ಷರನ್ನು ಬಿಟ್ಟು. ‘ಗಾಡಿ ಖಾಲಿ ಇಲ್ಲ’ ಅಂತ ಹೇಳಿದ ಫೋನ್‌ಗಳನ್ನೂ ಬರೆದಿಡಿ. ವರ್ಷದ ಕೊನೆಗೆ ಆ ಪುಟ ನೋಡಿ. ಯಾವ ಕೇರಿಗೆ ಗಾಡಿ ಬೇಗ ಹೋಗುತ್ತದೆ, ಯಾವ ಕೇರಿಗೆ ಹೋಗುವುದಿಲ್ಲ ಅಂತ ಗೊತ್ತಾಗುತ್ತದೆ.

ಚುನಾವಣೆ ಹತ್ತಿರ ಬಂದಾಗ ಗಾಡಿ ಮೇಲೆ ಯಾರ ಫೋಟೊ ಅಂಟಿಸಲೂ ಬಿಡಬೇಡಿ. ಇದಕ್ಕೆ ವಿವರಣೆ ಬೇಕಿಲ್ಲ ಅಂದುಕೊಂಡಿದ್ದೇನೆ.

ಪತ್ರದ ಜೊತೆ ನಿಮ್ಮ ಕೆಲಸದ ಫೋಟೊಗಳನ್ನೂ ಕಳಿಸಿದ್ದೀರಿ. ಒಂದರಲ್ಲಿ ಹೆಂಗಸೊಬ್ಬರಿಗೆ ಅಕ್ಕಿ ಚೀಲ ಕೊಡುತ್ತಿದ್ದೀರಿ. ಚೀಲ ಒಂದು, ಹಿಡಿದ ಕೈ ಒಂಬತ್ತು. ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ, ಆಕೆ ಮಾತ್ರ ನೆಲ ನೋಡುತ್ತಿದ್ದಾರೆ. ಇನ್ನೊಂದರಲ್ಲಿ ಸ್ಟ್ರೆಚರ್ ಮೇಲಿನ ರೋಗಿಯ ಮುಖ ಸ್ಪಷ್ಟವಾಗಿದೆ, ಕೆಳಗೆ ‘ಮಂಗನ ಕಾಯಿಲೆ’ ಅಂತ ಬರೆದಿದ್ದೀರಿ. ಅದು ಮನುಷ್ಯರಿಂದ ಮನುಷ್ಯರಿಗೆ ಅಂಟುವ ರೋಗವಲ್ಲ. 1957ರಲ್ಲಿ ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲೇ ಪತ್ತೆಯಾದದ್ದು. ಇಷ್ಟು ವರ್ಷವಾದರೂ ಆ ಹೆಸರು ಕೇಳಿದರೆ ಜನ ಆ ಮನೆ ಕಡೆ ಹೋಗಲು ಹಿಂಜರಿಯುತ್ತಾರೆ. ದಾನಿಗಳಿಗೆ ಲೆಕ್ಕ ಬೇಕು, ಕೊಡಿ. ತಿಂಗಳಿಗೆ ಎಷ್ಟು ರೋಗಿಗಳು, ಎಷ್ಟು ಕಿಲೋಮೀಟರ್, ಡೀಸೆಲ್ ಎಷ್ಟು ಅಂತ ಗ್ರೂಪಿಗೆ ಹಾಕಿ. ಗಾಡಿಯ ಫೋಟೊ ಹಾಕಿ. ಮುಖ ಬೇಡ. ‘ಅವರೇ ಒಪ್ಪಿದ್ದಾರೆ’ ಅನ್ನಬೇಡಿ. ಚೀಲ ಕೈಗೆ ಬರುವ ಮೊದಲು ಫೋಟೊ ಬೇಡ ಅನ್ನುವ ಧೈರ್ಯ ಯಾರಿಗಿದೆ?

ಉಳಿದದ್ದು ಅಮೆರಿಕದ ಹುಡುಗರ ಒಂದು ಲಕ್ಷ. ಇಲ್ಲಿ ನೋಡಬೇಕಾದದ್ದು ಅವರು ಎಲ್ಲಿದ್ದಾರೆ ಅನ್ನುವುದನ್ನಲ್ಲ, ಯಾವ ದೇಶದ ಪಾಸ್‌ಪೋರ್ಟ್ ಇದೆ ಅನ್ನುವುದನ್ನು. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಪರವಾಗಿಲ್ಲ. ಪಾಸ್‌ಪೋರ್ಟ್ ಪ್ರತಿ ತರಿಸಿ ರಸೀದಿ ಜೊತೆ ಇಟ್ಟುಕೊಳ್ಳಿ. ಅಲ್ಲಿನ ಪೌರರಾಗಿ ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಮಾಡಿಸಿಕೊಂಡವರು ಕಾನೂನಿನ ಕಣ್ಣಿಗೆ ವಿದೇಶಿಯರು. ಅವರಿಂದ ನೂರು ರೂಪಾಯಿ ತಗೊಳ್ಳಲೂ ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯಡಿ ನೋಂದಣಿ ಅಥವಾ ಮುಂಚಿತ ಅನುಮತಿ ಬೇಕು. ನೋಂದಣಿಗೆ ಟ್ರಸ್ಟ್‌ಗೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ಸೇವೆಗೆ ಖರ್ಚಾಗಿರಬೇಕು. ಹಣ ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೆ. ಒಂದು ಲಕ್ಷಕ್ಕೆ ಇಷ್ಟೆಲ್ಲ ಓಡಾಟ ನಿಮಗೆ ಬೇಡ.

ಆಗ ಯಾರಾದರೂ ‘ಊರಲ್ಲಿರುವ ಅಪ್ಪನ ಖಾತೆಗೆ ಹಾಕಿಸಿ, ಅಪ್ಪನಿಂದ ಟ್ರಸ್ಟ್‌ಗೆ ಚೆಕ್ ಕೊಡಿಸೋಣ’ ಅನ್ನುತ್ತಾರೆ. ಒಪ್ಪಬೇಡಿ. ಕೇಸಾದರೆ ಎಪ್ಪತ್ತು ದಾಟಿದ ಆ ಅಪ್ಪನೂ ಉತ್ತರ ಕೊಡಬೇಕಾಗುತ್ತದೆ. ಒಸಿಐ ಇರುವ ಹುಡುಗರಿಗೆ ಹೀಗೆ ಬರೆಯಿರಿ: ನಿಮ್ಮ ದುಡ್ಡು ತಗೊಳ್ಳಲು ನಮಗೆ ಅನುಮತಿ ಇಲ್ಲ, ಊರಿಗೆ ಬಂದಾಗ ಲಾಗ್ ಪುಸ್ತಕ, ಲೆಕ್ಕ ಎರಡನ್ನೂ ಒಂದು ದಿನ ಕೂತು ನೋಡಿ ಕೊಡಿ. ಸಾಫ್ಟ್‌ವೇರ್‌ನವರಲ್ಲವೇ, ಎಕ್ಸೆಲ್‌ನಲ್ಲಿ ಒಂದು ಒಳ್ಳೆಯ ಶೀಟ್ ಮಾಡಿಕೊಟ್ಟರೂ ಸಾಕು.